ಋತು, ಹವೆ, ದಣಿವು: ‘ಮಿಡೀವಲ್ 2: ಟೋಟಲ್ ವಾರ್’ ಆಟದ ಕುರಿತು ಅಧ್ಯಯನ ಟಿಪ್ಪಣಿ

ಕ್ರಿಯೇಟಿವ್ ಅಸೆಂಬ್ಲಿ ಸಂಸ್ಥೆ ರೂಪಿಸಿದ, 2006ರಲ್ಲಿ ಹೊರಬಂದ ಈ ಕಂಪ್ಯೂಟರ್ ಯುದ್ಧದಾಟದಲ್ಲಿ, ಫ್ರಾನ್ಸಿನ ಬಯಲಿನಲ್ಲಿ ಸುಲಭವಾಗಿ ಗೆದ್ದ ನನ್ನ ಸೈನ್ಯವೇ ಸಿರಿಯಾದ ಮರುಭೂಮಿಯಲ್ಲಿ ತನಗಿಂತ ಚಿಕ್ಕ ಸೈನ್ಯದ ಮುಂದೆ ಕುಸಿದುಬಿತ್ತು. ಸೇನಾನಿ ಅವನೇ, ಪಡೆಗಳೂ ಅವೇ. ಕಾರಣ ಹುಡುಕುತ್ತಾ ಹೋದಾಗ ಋತು ಮತ್ತು ಹವೆಯ ಲೆಕ್ಕವನ್ನು ನಾನು ಮೊದಲಿನಿಂದಲೂ ತಪ್ಪಾಗಿ ಹಿಡಿದಿದ್ದೆನೆಂದು ತಿಳಿಯಿತು. ಅರ್ಥವಾದದ್ದು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಪಡೆಗಳನ್ನು ಆರಿಸುವುದು, ಸಾಲಾಗಿ ನಿಲ್ಲಿಸುವುದು, ನಕ್ಷೆಯ ಮೇಲೆ ನಡೆಸುವುದು ಇವೆಲ್ಲ ಓದುವವರಿಗೆ ಗೊತ್ತಿವೆ ಎಂದು ಭಾವಿಸಿ ಮುಂದುವರಿಯುತ್ತೇನೆ.

ಒಂದು ಆಟದೊಳಗೆ ಎರಡು ಗಡಿಯಾರ

ಮುಖ್ಯ ದಂಡಯಾತ್ರೆ 1080ರ ಬೇಸಿಗೆಯಲ್ಲಿ ಆರಂಭವಾಗಿ 1530ರಲ್ಲಿ ಮುಗಿಯುತ್ತದೆ. ಒಂದು ಸರದಿಗೆ, ಅಂದರೆ ಆಡುವವರ ಒಂದು ಸುತ್ತಿನ ನಡೆಗೆ, ಎರಡು ವರ್ಷವೆಂದರೆ 450 ವರ್ಷಗಳಿಗೆ 225 ಸರದಿಗಳಾಗುತ್ತವೆ. ಇಷ್ಟು ಸರಳ. ಆದರೆ ಮೊದಲ ಸರದಿ ಬೇಸಿಗೆ, ಎರಡನೆಯದು ಚಳಿಗಾಲ, ಮೂರನೆಯದು ಮತ್ತೆ ಬೇಸಿಗೆ ಎಂದು ಋತು ಸರದಿಗೊಮ್ಮೆ ಬದಲಾಗುತ್ತದೆ. ಒಂದು ಸರದಿಯಲ್ಲಿ ಎರಡು ವರ್ಷ ಕಳೆಯುವುದಾದರೆ, ಎರಡು ವರ್ಷವಿಡೀ ಬೇಸಿಗೆಯಾಗಿ ಮುಂದಿನ ಎರಡು ವರ್ಷವಿಡೀ ಚಳಿಗಾಲವಾಗುವುದು ಹೇಗೆ ಸಾಧ್ಯ ಎಂಬ ಪ್ರಶ್ನೆಯಲ್ಲಿ ನಾನು ಬಹಳ ದಿನ ಸಿಲುಕಿಕೊಂಡಿದ್ದೆ.

ಉತ್ತರ ಸಿಕ್ಕಿದ್ದು ಸೇನಾನಿಗಳ ವಯಸ್ಸಿನಿಂದ. ಸರದಿಯೊಂದಕ್ಕೆ ಅವರ ವಯಸ್ಸು ಅರ್ಧ ವರ್ಷ ಮಾತ್ರ ಏರುತ್ತದೆ. ಇಪ್ಪತ್ತು ವಯಸ್ಸಿನ ಸೇನಾನಿಯೊಬ್ಬನೊಂದಿಗೆ ಆಟ ಆರಂಭಿಸಿ ಇಪ್ಪತ್ತು ಸರದಿ ಕಳೆದೆವೆಂದು ಇಟ್ಟುಕೊಳ್ಳೋಣ. ಇಸವಿ 1080ರಿಂದ 1120ಕ್ಕೆ ಬಂದಿರುತ್ತದೆ, ಅಂದರೆ ನಲವತ್ತು ವರ್ಷ ಸರಿದಿರುತ್ತದೆ. ಸೇನಾನಿಗೆ ಮಾತ್ರ ಮೂವತ್ತು ತುಂಬಿರುತ್ತದೆ, ಅಂದರೆ ಅವನ ಪಾಲಿಗೆ ಕಳೆದದ್ದು ಹತ್ತೇ ವರ್ಷ. ಈ ಅವಧಿಯಲ್ಲಿ ಹತ್ತು ಬೇಸಿಗೆ, ಹತ್ತು ಚಳಿಗಾಲ ಬಂದುಹೋಗಿವೆ. ಹತ್ತು ಬೇಸಿಗೆ, ಹತ್ತು ಚಳಿಗಾಲ ಎಂದರೆ ಹತ್ತು ವರ್ಷ, ಅದು ಸೇನಾನಿಯ ವಯಸ್ಸಿನೊಂದಿಗೆ ಸರಿಯಾಗಿ ಹೊಂದುತ್ತದೆ. ಹಾಗಾದರೆ ಋತುವೂ ವಯಸ್ಸೂ ಒಂದು ಗಡಿಯಾರದಲ್ಲಿ ಓಡುತ್ತವೆ, ಇಸವಿ ಮಾತ್ರ ನಾಲ್ಕು ಪಟ್ಟು ವೇಗದ ಬೇರೊಂದು ಗಡಿಯಾರದಲ್ಲಿ ಓಡುತ್ತದೆ. ಮೊದಲ ಗಡಿಯಾರದ ಪ್ರಕಾರ ಇಡೀ ಆಟದ ಉದ್ದ ನೂರ ಹನ್ನೆರಡೂವರೆ ವರ್ಷ, ಎರಡನೆಯದರ ಪ್ರಕಾರ 450 ವರ್ಷ.

ದಂಡಯಾತ್ರೆಯ ಕಡತದಲ್ಲಿ ‘ಟೈಮ್‌ಸ್ಕೇಲ್ 2.00’ ಎಂದು ಸರದಿಯೊಂದರ ವರ್ಷಗಳನ್ನು ನಿಗದಿಪಡಿಸುವ ಸಾಲನ್ನು ನೋಡಿದ ಮೇಲೆ ಇದು ಇನ್ನಷ್ಟು ಖಚಿತವಾಯಿತು. ಅದನ್ನು 0.50 ಎಂದು ಬದಲಿಸಿದರೆ ಎರಡೂ ಗಡಿಯಾರಗಳು ಒಂದಾಗುತ್ತವೆ, ಆದರೆ 1530ನ್ನು ತಲುಪಲು 900 ಸರದಿ ಬೇಕಾಗುತ್ತದೆ. ಆಟ ಸಹಜ ಸ್ಥಿತಿಯಲ್ಲಿ ಇಸವಿಯ ಬದಲು ಸರದಿಯ ಸಂಖ್ಯೆಯನ್ನು ತೋರಿಸುವುದು ಈ ಹೊಂದಿಕೆಯಿಲ್ಲದ ಲೆಕ್ಕ ಆಡುವವರ ಕಣ್ಣಿಗೆ ಬೀಳದಿರಲಿ ಎಂದೇ ಇರಬೇಕೆಂದು ನನ್ನ ಊಹೆ.

ಯುದ್ಧದ ಯೋಜನೆಗೆ ಇದರಿಂದ ಸಿಗುವ ಸೂತ್ರ ಚಿಕ್ಕದು, ಮತ್ತು ನನಗೆ ಬಹಳ ಪ್ರಿಯವಾದದ್ದು. ಗುರಿ ತಲುಪಲು ಬೇಕಾದ ಸರದಿಗಳ ಸಂಖ್ಯೆ ಸಮವಾಗಿದ್ದರೆ ಹೊರಟ ಋತುವಿನಲ್ಲೇ ತಲುಪುತ್ತೇವೆ, ಬೆಸವಾಗಿದ್ದರೆ ಎದುರು ಋತುವಿನಲ್ಲಿ ತಲುಪುತ್ತೇವೆ. ಬೇಸಿಗೆಯಲ್ಲಿ ಹೊರಟು ಮೂರು ಸರದಿ ನಡೆದ ಸೈನ್ಯ ಹಿಮದ ಮೇಲೆ ಹೋರಾಡಬೇಕಾಗಬಹುದು. ಹಿಮ ಬೇಡವಾದರೆ ಹೊರಡುವ ಮುನ್ನ ಕೋಟೆಯಲ್ಲಿ ಒಂದು ಸರದಿ ತಂಗಿದರಾಯಿತು. ಇಸವಿಯನ್ನು ನೋಡುವ ಅಗತ್ಯವೇ ಇಲ್ಲ.

ನೆಲಕ್ಕೆ ನಾಲ್ಕು ಸಂಖ್ಯೆ, ಬಿಸಿಲಿಗೆ ಒಂದು

ಪ್ರತಿ ಪಡೆಯ ವಿವರವಿರುವ ಪಠ್ಯ ಕಡತದಲ್ಲಿ ಹವೆಗೆ ಸಂಬಂಧಿಸಿದ ಎರಡು ಸಾಲುಗಳು ಅಕ್ಕಪಕ್ಕದಲ್ಲೇ ಇರುತ್ತವೆ. ‘ಸ್ಟ್ಯಾಟ್ ಹೀಟ್’ ಎಂಬ ಸಾಲಿನಲ್ಲಿ ಒಂದೇ ಸಂಖ್ಯೆ, ‘ಸ್ಟ್ಯಾಟ್ ಗ್ರೌಂಡ್’ ಎಂಬ ಸಾಲಿನಲ್ಲಿ ನಾಲ್ಕು. ಮೊದಲನೆಯದು ಬಿಸಿ ಪ್ರದೇಶಗಳಲ್ಲಿ ಆ ಪಡೆಗೆ ಆಗುವ ಹೆಚ್ಚುವರಿ ದಣಿವು. ಎರಡನೆಯದು ನಾಲ್ಕು ಬಗೆಯ ನೆಲದ ಮೇಲೆ ಅದರ ಕಾದಾಟದ ಬಲಕ್ಕೆ ಕೂಡುವ ಅಥವಾ ಕಳೆಯುವ ಅಂಕಗಳು. ಎಡದಿಂದ ಬಲಕ್ಕೆ ಕುರುಚಲು, ಮರಳು, ಕಾಡು, ಹಿಮ ಎಂಬುದು ಅವುಗಳ ಕ್ರಮ.

ನಾನು ಎಡವಿದ್ದು ಇಲ್ಲಿ, ಅದೂ ಎರಡು ಸಲ. ಮೊದಲ ತಪ್ಪು ಕ್ರಮದ್ದು. ಮೂರನೆಯ ಸಂಖ್ಯೆಯನ್ನು ಹಿಮದ್ದೆಂದು ತಿಳಿದು, ಕಾಡಿನಲ್ಲಿ ಚುರುಕಾಗಿರುವ ಪಡೆಗಳನ್ನೆಲ್ಲ ಚಳಿಗಾಲದ ದಂಡಿಗೆ ಸೇರಿಸಿದ್ದೆ. ಛಂದಸ್ಸು ಕಲಿತವರಿಗೆ ‘ಯಮಾತಾರಾಜಭಾನಸಲಗಂ’ ನೆರವಾಗುವ ಹಾಗೆ ಈಗ ನನಗೆ ‘ಕುಮಕಾಹಿ’ ನೆರವಾಗುತ್ತಿದೆ: ಕುರುಚಲು, ಮರಳು, ಕಾಡು, ಹಿಮ. ಉದಾಹರಣೆಗೆ ಒಂದು ಪಡೆಯ ಮುಂದೆ 1, -2, 3, 2 ಎಂದು ಬರೆದಿದ್ದರೆ ಅದು ಕುರುಚಲಿನಲ್ಲಿ ಒಂದು ಅಂಕ ಗಳಿಸುತ್ತದೆ, ಮರಳಿನಲ್ಲಿ ಎರಡು ಕಳೆದುಕೊಳ್ಳುತ್ತದೆ, ಕಾಡಿನಲ್ಲಿ ಮೂರನ್ನೂ ಹಿಮದಲ್ಲಿ ಎರಡನ್ನೂ ಗಳಿಸುತ್ತದೆ.

ಎರಡನೆಯ ತಪ್ಪು ಇನ್ನೂ ಆಳವಾದದ್ದು. ಮರುಭೂಮಿ ಎಂದರೆ ಒಂದೇ ದಂಡ (ಪಡೆಯ ಬಲಕ್ಕೆ ಬೀಳುವ ಕಡಿತ) ಎಂದು ನಾನು ತಿಳಿದಿದ್ದೆ, ಆದರೆ ಅಲ್ಲಿ ಎರಡು ದಂಡಗಳು ಬೇರೆ ಬೇರೆ ಹೊತ್ತಿನಲ್ಲಿ ಬೀಳುತ್ತವೆ. ಮರಳಿನ ಅಂಕ ಲೆಕ್ಕಕ್ಕೆ ಬರುವುದು ಕತ್ತಿಗೆ ಕತ್ತಿ ತಾಗುವಾಗ. ಬಿಸಿಲಿನ ಸಂಖ್ಯೆ ಅದಕ್ಕೂ ಎಷ್ಟೋ ಮೊದಲು, ಪಡೆ ಹೆಜ್ಜೆ ಇಡಲು ಆರಂಭಿಸಿದಾಗಲೇ ಕೆಲಸ ಶುರು ಮಾಡುತ್ತದೆ. ಆಟದಲ್ಲಿ ಪಡೆಯ ಸ್ಥಿತಿ ತಾಜಾತನದಿಂದ ಆರಂಭವಾಗಿ ಮೈ ಬಿಸಿಯಾಗುವುದು, ಏದುಸಿರು, ದಣಿವು, ಅತಿ ದಣಿವು ಎಂದು ಇಳಿಯುತ್ತಾ ಕೊನೆಗೆ ಪೂರ್ತಿ ಬಳಲಿಕೆಗೆ ಮುಟ್ಟುತ್ತದೆ. ಓಡಿದರೆ ಬೇಗ ಇಳಿಯುತ್ತದೆ, ನಡೆದರೆ ನಿಧಾನವಾಗಿ, ಸುಮ್ಮನೆ ನಿಂತರೆ ಸ್ವಲ್ಪ ಸ್ವಲ್ಪವಾಗಿ ಚೇತರಿಸಿಕೊಳ್ಳುತ್ತದೆ. ಬಿಸಿಲಿನ ಸಂಖ್ಯೆ 2 ಇರುವ ಪಡೆ ಮತ್ತು 5 ಇರುವ ಪಡೆ ಒಂದೇ ದೂರವನ್ನು ಒಂದೇ ವೇಗದಲ್ಲಿ ಕ್ರಮಿಸಿದರೂ ಶತ್ರುವಿನ ಮುಂದೆ ನಿಲ್ಲುವಾಗ ಎರಡರ ಸ್ಥಿತಿ ಬೇರೆಯಾಗಿರುತ್ತದೆ. ಬಳಲಿದ ಪಡೆಯ ಏಟಿನಲ್ಲಿ ಬಲವಿರುವುದಿಲ್ಲ, ಧೈರ್ಯವೂ ಬೇಗ ಕುಸಿಯುತ್ತದೆ.

ದಂಡ ಎರಡಾದ್ದರಿಂದ ಪರಿಹಾರವೂ ಎರಡು. ಮರಳಿನ ಅಂಕದಿಂದ ತಪ್ಪಿಸಿಕೊಳ್ಳಬೇಕಾದರೆ ಯುದ್ಧ ನಡೆಯುವ ಜಾಗವನ್ನೇ ಬದಲಿಸಬೇಕು. ಬಿಸಿಲಿನ ಸಂಖ್ಯೆಯಿಂದ ತಪ್ಪಿಸಿಕೊಳ್ಳಲು ಜಾಗ ಬದಲಿಸಬೇಕಾಗಿಲ್ಲ, ನಡೆಯುವ ಕೆಲಸವನ್ನು ಶತ್ರುವಿಗೆ ಬಿಟ್ಟುಕೊಟ್ಟರೆ ಸಾಕು. ಇನ್ನೂ ಒಂದು ವಿಷಯವನ್ನು ಗಮನಿಸಬೇಕು. ಬಿಸಿಲಿಗೆ ಪ್ರತ್ಯೇಕ ಸಂಖ್ಯೆ ಇರುವ ಈ ವಿವರಗಳಲ್ಲಿ ಚಳಿಗೆ ಅಂಥ ಸಂಖ್ಯೆ ಇಲ್ಲ. ಬೇಸಿಗೆ ದಣಿವಿನ ಮೂಲಕ ರಣರಂಗಕ್ಕೆ ಬರುತ್ತದೆ, ಚಳಿಗಾಲ ಬರುವುದು ನೆಲದ ಮೇಲಿನ ಹಿಮದ ಮೂಲಕ. ಈ ಅಸಮಾನತೆ ಮನಸ್ಸಿಗೆ ಹಿಡಿದ ಮೇಲೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಂಡಿತು.

ಇತಿಹಾಸದೊಂದಿಗೆ ತಾಳೆ ನೋಡಿದಾಗ

ಬಿಸಿಲಿನ ಲೆಕ್ಕಕ್ಕೆ 1187ರ ಜುಲೈ 4ರ ಹತ್ತೀನ್ ಯುದ್ಧಕ್ಕಿಂತ ಒಳ್ಳೆಯ ಪಾಠವಿಲ್ಲ. ಜೆರುಸಲೇಮಿನ ಕ್ರೈಸ್ತ ರಾಜ ಗೀ ನೀರಿನ ಸೆಲೆಗಳಿದ್ದ ಸಫ್ಫೂರಿಯಾದ ನೆಲೆಯನ್ನು ಬಿಟ್ಟು, ಸುಲ್ತಾನ ಸಲಾದಿನ್ ಮುತ್ತಿಗೆ ಹಾಕಿದ್ದ ಟೈಬೀರಿಯಸ್ ಪಟ್ಟಣದ ಕಡೆಗೆ ಹಿಂದಿನ ದಿನ ಹೊರಟಿದ್ದ. ಕವಚ ತೊಟ್ಟ ಸೈನಿಕರು ಉರಿಬಿಸಿಲಿನಲ್ಲಿ, ಸಲಾದಿನ್‌ನ ಕುದುರೆ ಬಿಲ್ಲುಗಾರರ ಕಾಟವನ್ನು ತಾಳುತ್ತಾ ನಡೆದರು, ರಾತ್ರಿಯನ್ನು ನೀರಿಲ್ಲದ ಜಾಗದಲ್ಲಿ ಕಳೆದರು. ಸಲಾದಿನ್‌ನ ಕಡೆಯವರು ಒಣಹುಲ್ಲಿಗೆ ಬೆಂಕಿಯಿಟ್ಟು ಹೊಗೆಯನ್ನೂ ಅವರ ಮೇಲೆ ಕವಿಸಿದರು. ಮರುದಿನ ನಿರ್ಣಾಯಕ ಕಾಳಗ ನಡೆಯುವ ಹೊತ್ತಿಗೆ ಆ ಸೈನ್ಯ ಅರ್ಧ ಸೋತಿತ್ತು. ಆಟದ ಭಾಷೆಯಲ್ಲಿ ಹೇಳುವುದಾದರೆ ಅವರನ್ನು ಮುರಿದದ್ದು ನೆಲದ ಅಂಕಕ್ಕಿಂತ ಹೆಚ್ಚಾಗಿ ಬಿಸಿಲಿನ ಸಂಖ್ಯೆ. ನನ್ನ ಸಿರಿಯಾದ ಸೋಲು ಇದರದೇ ಚಿಕ್ಕ ರೂಪ: ಭಾರೀ ಕವಚದ ಪಡೆಗಳನ್ನು ಬಯಲಿನ ಆ ತುದಿಯವರೆಗೆ ಓಡಿಸಿದ್ದೆ.

ಕೆಸರಿನ ವಿಷಯ ಬೇರೆ. 1415ರ ಅಕ್ಟೋಬರ್ 25ರಂದು ಅಜಿನ್‌ಕೋರ್‌ನಲ್ಲಿ ಫ್ರೆಂಚ್ ಯೋಧರು ಇಂಗ್ಲಿಷ್ ಸೈನ್ಯವನ್ನು ಮುಟ್ಟಲು, ಹಿಂದಿನ ರಾತ್ರಿಯ ಮಳೆಯಲ್ಲಿ ನೆನೆದ ಉತ್ತ ಹೊಲವನ್ನು ಭಾರೀ ಕವಚ ತೊಟ್ಟು ಕಾಲ್ನಡಿಗೆಯಲ್ಲಿ ದಾಟಬೇಕಾಯಿತು. ಎರಡೂ ಬದಿಗೆ ಕಾಡು ಇದ್ದದ್ದರಿಂದ ಹರಡಿಕೊಳ್ಳಲು ಜಾಗವೂ ಇರಲಿಲ್ಲ. ‘ಕುಮಕಾಹಿ’ಯ ನಾಲ್ಕರಲ್ಲಿ ಕೆಸರು ಇಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು. ಅಜಿನ್‌ಕೋರ್‌ನ ಪಾಠವನ್ನು ನೆಲದ ಅಂಕಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಶತ್ರುವನ್ನು ದೂರದಿಂದ ನಡೆಸಿ, ದಣಿದ ಮೇಲೆ ಎದುರಿಸುವ ಕ್ರಮದಲ್ಲಿ ಮಾತ್ರ ಅದನ್ನು ಮರುಸೃಷ್ಟಿಸಬಹುದು.

ಗಾಳಿಯೂ ಆ ಸಾಲಿನಲ್ಲಿಲ್ಲ. 1461ರ ಮಾರ್ಚ್ 29ರಂದು ಟೌಟನ್‌ನಲ್ಲಿ ನಡೆದ ಇಂಗ್ಲೆಂಡಿನ ಅಂತರ್ಯುದ್ಧದ ಕಾಳಗದಲ್ಲಿ ಹಿಮದ ಬಿರುಗಾಳಿ ಲ್ಯಾಂಕಾಸ್ಟರ್ ಪಕ್ಷದವರ ಮುಖಕ್ಕೆ ಬೀಸುತ್ತಿತ್ತು. ಯಾರ್ಕ್ ಪಕ್ಷದ ಬಾಣಗಳು ಗಾಳಿಯ ಬಲದಿಂದ ದೂರ ಹೋದವು, ಎದುರಿನವರ ಬಾಣಗಳು ಅರ್ಧದಾರಿಯಲ್ಲೇ ಬಿದ್ದವು. 1346ರ ಕ್ರೆಸಿ ಯುದ್ಧಕ್ಕೆ ಮುಂಚೆ ಸುರಿದ ಮಳೆಯಲ್ಲಿ ಫ್ರೆಂಚರ ಕಡೆಯ ಜಿನೋವಾದ ಅಡ್ಡಬಿಲ್ಲುಗಾರರ ಹೆದೆಗಳು ನೆನೆದು ಸಡಿಲಾದವೆಂದು ಅಂದಿನ ವೃತ್ತಾಂತವೊಂದು ಹೇಳುತ್ತದೆ. ಇವೆರಡನ್ನೂ ಓದಿದ ಮೇಲೆ, ಹವೆ ಕೆಟ್ಟಿರುವ ದಿನ ಬಿಲ್ಲುಗಾರರನ್ನಷ್ಟೇ ನಂಬಿ ಯುದ್ಧ ಹೂಡುವುದನ್ನು ನಾನು ಬಿಟ್ಟಿದ್ದೇನೆ.

ಚಳಿಗಾಲ ಎಲ್ಲರಿಗೂ ಶತ್ರುವಲ್ಲ

1237ರ ಡಿಸೆಂಬರಿನಲ್ಲಿ ಮಂಗೋಲರು ರಷ್ಯಾದ ರಿಯಾಜಾನ್ ನಗರವನ್ನೂ, 1238ರ ಫೆಬ್ರವರಿಯಲ್ಲಿ ವ್ಲಾದಿಮಿರ್ ನಗರವನ್ನೂ ಹಿಡಿದರು. ಹೆಪ್ಪುಗಟ್ಟಿದ ನದಿಗಳು ಅವರ ಅಶ್ವಸೈನ್ಯಕ್ಕೆ ದಾರಿಗಳಾಗಿದ್ದವು. ಚಳಿಗಾಲದ ಸರದಿ ಬಂದೊಡನೆ ಎಲ್ಲ ಸೈನ್ಯಗಳನ್ನೂ ಕೋಟೆಯೊಳಗೆ ಸೇರಿಸುವ ಅಭ್ಯಾಸವನ್ನು ನಾನು ಬಿಟ್ಟದ್ದು ಇದನ್ನು ಓದಿದ ಮೇಲೆ. ನಾಲ್ಕನೆಯ, ಅಂದರೆ ಹಿಮದ ಅಂಕ ನನ್ನ ಕಡೆ ಹೆಚ್ಚಿದ್ದು ಎದುರಿನವರಲ್ಲಿ ಕಡಿಮೆಯಿದ್ದರೆ ದಾಳಿಗೆ ಚಳಿಗಾಲವೇ ತಕ್ಕ ಸರದಿ.

ಮಧ್ಯಯುಗದ್ದೇ ಆದ ಇನ್ನೊಂದು ಕಂಪ್ಯೂಟರ್ ಆಟ ‘ಕ್ರುಸೇಡರ್ ಕಿಂಗ್ಸ್ 3’ ಆಡುವವರಿಗೆ ಒಂದು ಮಾತು. ಅಲ್ಲಿ ಕಾಲ ಸರದಿಯಲ್ಲದೆ ದಿನದ ಲೆಕ್ಕದಲ್ಲಿ ಓಡುತ್ತದೆ, ಆದ್ದರಿಂದ ಸಮ ಬೆಸದ ಸೂತ್ರ ನಡೆಯುವುದಿಲ್ಲ. 2021ರ ಮಾರ್ಚ್‌ನಲ್ಲಿ ಆ ಆಟಕ್ಕೆ ಚಳಿಗಾಲ ಸೇರ್ಪಡೆಯಾಯಿತು, ಅದರ ತೀವ್ರತೆಯಲ್ಲಿ ಹಂತಗಳಿವೆ. ಅಲ್ಲಿ ಚಳಿಗಾಲ ಮೊದಲು ಹೊಡೆಯುವುದು ಸೈನ್ಯದ ಆಹಾರ ಪೂರೈಕೆಗೆ, ಆದ್ದರಿಂದ ದೊಡ್ಡ ಸೈನ್ಯಕ್ಕೇ ಹೆಚ್ಚು ನಷ್ಟ.

ಸಿರಿಯಾದ ಅದೇ ಯುದ್ಧವನ್ನು ಉಳಿಸಿಟ್ಟಿದ್ದ ಹಂತದಿಂದ ಮತ್ತೆ ಆಡಿದೆ. ಈ ಸಲ ಭಾರೀ ಕವಚದ ಪಡೆಗಳನ್ನು ಆರಂಭದಲ್ಲಿ ನಿಲ್ಲಿಸಿದ ಜಾಗದಿಂದ ಕದಲಿಸಲಿಲ್ಲ. ಹಗುರ ಕವಚದ ಕುದುರೆ ಸವಾರರನ್ನು ಮಾತ್ರ ಮುಂದೆ ಕಳಿಸಿ, ಶತ್ರುವನ್ನು ಕೆಣಕಿ, ಹಿಂದಕ್ಕೆ ಕರೆಸಿಕೊಂಡೆ. ಬೆನ್ನಟ್ಟಿ ಬಂದ ಶತ್ರುವಿನ ಕಾಲಾಳುಗಳು ನನ್ನ ಸಾಲನ್ನು ಮುಟ್ಟುವಾಗ ‘ಅತಿ ದಣಿವು’ ಎಂಬ ಸ್ಥಿತಿಯಲ್ಲಿದ್ದರು, ನನ್ನವರು ಇನ್ನೂ ತಾಜಾ ಆಗಿದ್ದರು. ಮರಳಿನ ಅಂಕ ಮೊದಲಿನಂತೆಯೇ ನನಗೆ ವಿರುದ್ಧವಾಗಿತ್ತು, ಆದರೂ ಅವರ ಸಾಲು ಮೊದಲ ಘರ್ಷಣೆಯಲ್ಲೇ ಒಡೆಯಿತು.