ಕೋಡ್ ಅಲ್ಲ, ಕೇಬಲ್: ಪುಟ್ಟ ಬೋರ್ಡುಗಳ ಪವರ್ ಬಗ್ಗೆ ಟಿಪ್ಪಣಿ

ಹಳೇ ಲ್ಯಾಪ್‌ಟಾಪಿನಿಂದ ಬಿಚ್ಚಿದ ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್ ಒಂದಿತ್ತು. ಅದನ್ನು ರಾಸ್ಪ್‌ಬೆರಿ ಪೈ 4 ಅನ್ನುವ ಅಂಗೈಯಗಲದ ಕಂಪ್ಯೂಟರ್ ಬೋರ್ಡಿಗೆ ಸಿಕ್ಕಿಸಿ, ಮನೆಯವರ ಫೋಟೋಗಳೆಲ್ಲ ಒಂದೇ ಕಡೆ ಇರಲಿ ಅಂತ ಸಣ್ಣದೊಂದು ಸರ್ವರ್ ಮಾಡಿದ್ದೆ. ಸುಮ್ನೆ ಇದ್ದಾಗ ಚೆನ್ನಾಗೇ ಓಡುತ್ತಿತ್ತು. ದೊಡ್ಡ ಫೋಲ್ಡರ್ ಕಾಪಿ ಶುರು ಮಾಡಿದರೆ ಸಾಕು, ಡಿಸ್ಕ್ ‘ಟಕ್’ ಅನ್ನುತ್ತಿತ್ತು, ಬೋರ್ಡು ರೀಸ್ಟಾರ್ಟ್. ಓಎಸ್ ಮೂರು ಸಲ ಹೊಸದಾಗಿ ಹಾಕಿದೆ, ಎಸ್‌ಡಿ ಕಾರ್ಡ್ ಬದಲಿಸಿದೆ, ಡ್ರೈವರ್ ಮೇಲೆ ಅನುಮಾನಪಟ್ಟು ಎರಡು ರಾತ್ರಿ ಲಾಗ್ ಓದುತ್ತಾ ಕೂತೆ. ತಪ್ಪು ಇದ್ದದ್ದು ಮೇಜಿನ ಹಿಂದೆ ಬಿದ್ದಿದ್ದ ಪವರ್ ಕೇಬಲ್‌ನಲ್ಲಿ.

ಅಡಾಪ್ಟರ್ ಮೇಲೆ 5.1 ವೋಲ್ಟ್, 3 ಆಂಪಿಯರ್ ಅಂತ ಬರೆದಿತ್ತು, ಪೈ 4ಕ್ಕೆ ಬೇಕಾದದ್ದೂ ಅಷ್ಟೇ. ಹಾಗಾಗಿ ನಾನು ಆ ಕಡೆ ತಲೆ ಹಾಕಲೇ ಇಲ್ಲ. ಆದರೆ ಆ 5.1 ಇರುವುದು ಅಡಾಪ್ಟರಿನ ಬಾಯಲ್ಲಿ. ಬೋರ್ಡಿನ ಹತ್ತಿರ ಬರುವಷ್ಟರಲ್ಲಿ ಕೇಬಲ್ ಸ್ವಲ್ಪ ತಿಂದಿರುತ್ತದೆ. ಎಷ್ಟು ಅಂತ ಲೆಕ್ಕ ಹಾಕೋಣ, ಓಮ್ ನಿಯಮ ಒಂದೇ ಸಾಕು: ವೋಲ್ಟೇಜ್ ನಷ್ಟ ಅಂದರೆ ಕರೆಂಟ್ ಗುಣಿಸು ರೆಸಿಸ್ಟೆನ್ಸ್.

28 ಗೇಜ್ (ಗೇಜ್ ಅಂದರೆ ತಂತಿಯ ದಪ್ಪದ ಅಳತೆ) ತಾಮ್ರದ ತಂತಿಗೆ ಒಂದು ಮೀಟರಿಗೆ ಸುಮಾರು 0.21 ಓಮ್. ಕರೆಂಟ್ ಹೋಗಬೇಕು, ವಾಪಸ್ಸೂ ಬರಬೇಕು, ಅಂದರೆ ಒಂದು ಮೀಟರ್ ಕೇಬಲ್‌ಗೆ ಎರಡು ಮೀಟರ್ ತಂತಿ, 0.42 ಓಮ್ (ನಾನು ಮೊದಲು ಇದನ್ನೇ ಮರೆತು ಅರ್ಧ ಲೆಕ್ಕ ಹಾಕಿದ್ದೆ). ಬೋರ್ಡು ಸುಮ್ನಿದ್ದಾಗ 0.6 ಆಂಪಿಯರ್ ಎಳೆಯಿತು ಅಂದುಕೊಳ್ಳಿ. ನಷ್ಟ 0.25 ವೋಲ್ಟ್, ಬೋರ್ಡಿಗೆ ಸಿಗುವುದು 4.85. ತೊಂದರೆ ಇಲ್ಲ. ಈಗ ಡಿಸ್ಕ್ ತಿರುಗಲು ಶುರುವಾಗಿ ಒಟ್ಟು 1.5 ಆಂಪಿಯರ್ ಆಯಿತು. ನಷ್ಟ 0.63, ಸಿಗುವುದು 4.47. ಸುಮಾರು 4.63ಕ್ಕಿಂತ ಕೆಳಗೆ ಇಳಿದರೆ ಪೈ ‘ವೋಲ್ಟೇಜ್ ಕಡಿಮೆ’ ಅಂತ ಕೂಗುತ್ತದೆ. ಅದೇ ಜಾಗದಲ್ಲಿ 20 ಗೇಜ್ ತಂತಿ ಇದ್ದರೆ ನಷ್ಟ ಬರೀ 0.1 ವೋಲ್ಟ್. ಗೇಜ್ ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ, ಇದು ಉಲ್ಟಾ ಅಂತ ನೆನಪಿಟ್ಟುಕೊಳ್ಳಿ. ಕೆಲವು ಕೇಬಲ್‌ಗಳ ಮೈಮೇಲೆ ಸಣ್ಣ ಅಕ್ಷರದಲ್ಲಿ 28 ಜೊತೆ 1ಪಿ, 24 ಜೊತೆ 2ಸಿ ಅಂತ ಅಚ್ಚಾಗಿರುತ್ತದೆ. 2ಸಿ ಜೊತೆಗಿನದು ಪವರ್ ತಂತಿ, ನಮಗೆ ಬೇಕಾದದ್ದು ಅದು.

ಎಸ್‌ಡಿ ಕಾರ್ಡ್ ಪದೇ ಪದೇ ಕೆಡುತ್ತಿದ್ದದ್ದೂ ಇದರಿಂದಲೇ. ಬರೆಯುವ ಮಧ್ಯದಲ್ಲಿ ಕರೆಂಟ್ ಕೈಕೊಟ್ಟರೆ ಫೈಲ್ ಸಿಸ್ಟಮ್ ಅರ್ಧಂಬರ್ಧ ಉಳಿಯುತ್ತದೆ. ನಾನು ಪಾಪ ಕಾರ್ಡನ್ನು ಬೈದಿದ್ದೆ.

ಪತ್ತೆ ಹಚ್ಚುವುದು ಹೇಗೆ? ಬೋರ್ಡಿನ ಕೆಂಪು ದೀಪ ಮಿಣುಕುತ್ತಿದ್ದರೆ ಅದೇ ಮೊದಲ ಸುಳಿವು. ಆಮೇಲೆ ಟರ್ಮಿನಲ್‌ನಲ್ಲಿ ‘vcgencmd get_throttled’ ಕಮಾಂಡ್ ಕೊಟ್ಟು ನೋಡಿ. ಸೊನ್ನೆ ಬಂದರೆ ಎಲ್ಲ ಸರಿ. ನನಗೆ ಬಂದದ್ದು 50005. ಇದು ಹೆಕ್ಸ್ ಸಂಖ್ಯೆ (ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಬರೆದದ್ದು), ಐವತ್ತು ಸಾವಿರದ ಐದು ಅಂತ ಓದಬೇಡಿ. ಕೊನೆಯ 5 ಅಂದರೆ 4 ಮತ್ತು 1 ಸೇರಿದ್ದು: 1 ಅಂದರೆ ಈ ಕ್ಷಣ ವೋಲ್ಟೇಜ್ ಕಡಿಮೆ ಇದೆ, 4 ಅಂದರೆ ಅದಕ್ಕಾಗಿ ವೇಗ ತಗ್ಗಿಸಿಕೊಂಡಿದೆ. ಮೊದಲಿನ 5 ಅದೇ ಎರಡು ಮಾತನ್ನು ‘ಬೂಟ್ ಆದಾಗಿನಿಂದ ಒಮ್ಮೆಯಾದರೂ ಆಗಿತ್ತು’ ಅಂತ ಹೇಳುತ್ತದೆ. ಹಾಗಾಗಿ 50000 ಬಂದರೂ ಖುಷಿಪಡಬೇಡಿ, ಈಗ ಸರಿ ಇದೆ, ಆಗ ಇರಲಿಲ್ಲ ಅಂತ ಅರ್ಥ.

ಮಲ್ಟಿಮೀಟರ್ ಇದ್ದರೆ ಬೋರ್ಡಿನ ಹತ್ತಿರವೇ ಅಳೆಯಿರಿ, ಬೋರ್ಡಿನ ಅಂಚಿನ ಪಿನ್ ಸಾಲಿನಲ್ಲಿ 4ನೇ ಪಿನ್ 5 ವೋಲ್ಟ್, 6ನೇದು ಗ್ರೌಂಡ್. ಪ್ರೋಬನ್ನು ನೇರವಾಗಿ ಪಿನ್‌ಗಳ ಮಧ್ಯೆ ತೂರಿಸಬೇಡಿ, ಕೈ ಜಾರಿ 5 ವೋಲ್ಟ್ ಹೋಗಿ ಪಕ್ಕದ 3.3 ವೋಲ್ಟಿನ ಪಿನ್ನಿಗೆ ತಾಗಿದರೆ ಬೋರ್ಡ್ ಕಥೆ ಮುಗಿಯಿತು. ಎರಡು ಜಂಪರ್ ವೈರ್ ಸಿಕ್ಕಿಸಿ ಅವುಗಳ ಆಚೆ ತುದಿಯಲ್ಲಿ ಅಳೆಯಿರಿ. ಮೀಟರ್ ವೋಲ್ಟ್‌ನಲ್ಲೇ ಇದೆಯಾ ಅಂತಲೂ ನೋಡಿ, ನಾನು ಒಮ್ಮೆ ಆಂಪಿಯರ್‌ನಲ್ಲಿಟ್ಟು ಫ್ಯೂಸ್ ಸುಟ್ಟುಕೊಂಡಿದ್ದೇನೆ. ಇನ್ನೊಂದು, ಮೀಟರ್ 4.9 ತೋರಿಸುತ್ತಿದ್ದರೂ ಬೋರ್ಡು ಕೂಗಬಹುದು. ಸಾಮಾನ್ಯ ಮೀಟರ್ ನಿಧಾನ, ಕ್ಷಣಮಾತ್ರದ ಕುಸಿತ ಅದಕ್ಕೆ ಕಾಣುವುದೇ ಇಲ್ಲ. ಆಗ ನಾನು ಬೋರ್ಡಿನ ಮಾತನ್ನೇ ನಂಬುತ್ತೇನೆ.

ಗಿಡ್ಡ, ದಪ್ಪ ಕೇಬಲ್ ಹಾಕಿದ ಮೇಲೆ ಸೊನ್ನೆ ಬಂತು. ಆದರೂ ಪೈ 4ರ ಎಲ್ಲ ಯುಎಸ್‌ಬಿ ಪೋರ್ಟ್‌ಗಳಿಗೂ ಸೇರಿ ಸಿಗುವುದು 1.2 ಆಂಪಿಯರ್ ಮಾತ್ರ, ಶುರುವಾಗುವಾಗ ಡಿಸ್ಕ್ ಒಂದೇ ಅದರಲ್ಲಿ ಬಹುಪಾಲು ಎಳೆಯಬಹುದು. ಪೈ 5ಕ್ಕೆ 3 ಆಂಪಿಯರ್ ಅಡಾಪ್ಟರ್ ಹಾಕಿದರೆ ಇನ್ನೂ ಕಷ್ಟ, ಪೋರ್ಟ್‌ಗಳಿಗೆಲ್ಲ ಸೇರಿ 0.6ಕ್ಕೆ ಮಿತಿ ಹಾಕಿಕೊಳ್ಳುತ್ತದೆ. ಅದಕ್ಕೇ ಡಿಸ್ಕನ್ನು ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್‌ಗೆ ಸಾಗಿಸಿದೆ. ಹಬ್ ಆರಿಸುವಾಗ ಒಂದು ಪರೀಕ್ಷೆ ಮಾಡಿ: ಬೋರ್ಡಿನ ಪವರ್ ಕಿತ್ತ ಮೇಲೂ ಅದರ ಕೆಂಪು ದೀಪ ಉರಿಯುತ್ತಿದ್ದರೆ, ಹಬ್‌ನಿಂದ ಕರೆಂಟ್ ಹಿಂದಕ್ಕೆ ಹರಿಯುತ್ತಿದೆ ಅಂತ ಅರ್ಥ. ನನ್ನ ಮೊದಲ ಹಬ್ ಹಾಗೇ ಇತ್ತು. ಈಗ ಅದು ಮೇಜಿನ ಮೇಲೆ ಫೋನ್ ಚಾರ್ಜ್ ಮಾಡಿಕೊಂಡು ಕೂತಿದೆ.