ಹಕ್ಕಿಯ ಮೂಗು, ಕಡಲ ಕಸ

ಬಾಟಲಿ ಮುಚ್ಚಳ ನುಂಗಿ ಸತ್ತ ಕಡಲಹಕ್ಕಿಯ ಚಿತ್ರ ತೋರಿಸಿದರೆ ಹೆಚ್ಚಿನವರು ‘ಪಾಪ, ಮೀನು ಅಂದುಕೊಂಡಿರಬೇಕು’ ಎನ್ನುತ್ತಾರೆ. ಕಣ್ಣು ಮೋಸಹೋಯಿತು ಎಂಬ ಈ ವಿವರಣೆ ಪೂರ್ತಿ ತಪ್ಪಲ್ಲ. ಆದರೆ ಅದು ಹಕ್ಕಿಯ ಮೂಗನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಸೀತಾ–ಸ್ವರ್ಣಾ ನದಿಗಳು ಕಡಲು ಸೇರುವ ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯ ಅಳಿವೆಗೆ ನಾನು ಹಕ್ಕಿಗಳ ಫೋಟೋ ತೆಗೆಯಲು ಹೋಗುವಾಗ ಕ್ಯಾಮೆರಾದ ಜೊತೆ ಒಂದು ಗೋಣಿಚೀಲವೂ ಇರುತ್ತದೆ. ಆ ಚೀಲವನ್ನು ಯಾವ ಹೊತ್ತಿನಲ್ಲಿ ತುಂಬಿಸಬೇಕು ಎಂಬುದನ್ನು ನನಗೆ ಕಲಿಸಿದ್ದು ಈ ಮೂಗಿನ ಕಥೆ.

ಹಕ್ಕಿಗಳಿಗೆ ವಾಸನೆ ತಿಳಿಯದು ಎಂಬ ನಂಬಿಕೆಗೆ ವಿದ್ವಾಂಸರ ಸಭೆಯಲ್ಲೇ ಮುದ್ರೆ ಬಿದ್ದಿತ್ತು. ಹಕ್ಕಿಗಳ ಚಿತ್ರಕಾರ ಜಾನ್ ಜೇಮ್ಸ್ ಆಡುಬಾನ್ 1826ರಲ್ಲಿ ಎಡಿನ್‌ಬರೋದಲ್ಲಿ ಒಂದು ಪ್ರಬಂಧ ಓದಿದ. ಹುಲ್ಲು ತುಂಬಿ ಬಯಲಲ್ಲಿಟ್ಟ ಜಿಂಕೆಯ ಚರ್ಮಕ್ಕೆ ಅಮೆರಿಕದ ರಣಹದ್ದು ಬಂದು ಕುಕ್ಕಿತು, ಮರೆಯಲ್ಲಿಟ್ಟ ಕೊಳೆತ ಹೆಣದ ಹತ್ತಿರವೂ ಸುಳಿಯಲಿಲ್ಲ, ಆದ್ದರಿಂದ ಅದು ಕಣ್ಣನ್ನೇ ನಂಬುತ್ತದೆ ಎಂಬುದು ಅವನ ವಾದ. ಆ ಮಾತು ನೂರು ವರ್ಷಕ್ಕೂ ಮೀರಿ ಚಲಾವಣೆಯಲ್ಲಿತ್ತು. ಅದನ್ನು ಅಲುಗಾಡಿಸಿದ್ದು ಅನಿಲದ ಕೊಳವೆಗಳು. ಕ್ಯಾಲಿಫೋರ್ನಿಯಾದಲ್ಲಿ ಕೊಳವೆ ಸೋರುವ ಜಾಗದ ಮೇಲೆ ಟರ್ಕಿ ವಲ್ಚರ್ ಎಂಬ ರಣಹದ್ದುಗಳು ಸುತ್ತುವುದನ್ನು ಕೆಲಸಗಾರರು ಗಮನಿಸಿದ್ದರು. ಸೋರಿಕೆ ತಿಳಿಯಲೆಂದು ಅನಿಲಕ್ಕೆ ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತ ಹೆಣದ ವಾಸನೆಯಲ್ಲೂ ಇದೆ. ನಮ್ಮ ಅಡುಗೆಮನೆಯ ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯುವುದೂ ಅದೇ. ಪಕ್ಷಿವಿಜ್ಞಾನಿ ಕೆನೆತ್ ಸ್ಟೇಗರ್ ಈ ಸಂಗತಿಯನ್ನು 1964ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 1960ರಲ್ಲಿ, ವೈದ್ಯಕೀಯ ಚಿತ್ರಗಾರ್ತಿ ಬೆಟ್ಸಿ ಬ್ಯಾಂಗ್ ಹಕ್ಕಿಗಳ ಮೂಗಿನ ಒಳರಚನೆಯನ್ನು ಬಿಡಿಸಿ ತೋರಿಸಿದ್ದರು. ಇಷ್ಟು ದೊಡ್ಡ ಅಂಗ ಸುಮ್ಮನೆ ಇರಲು ಸಾಧ್ಯವಿಲ್ಲ ಎಂದು ಆ ಚಿತ್ರಗಳೇ ಹೇಳುತ್ತಿದ್ದವು. ಅವರು ಸೀಳಿ ನೋಡಿದ ಹಕ್ಕಿಗಳಲ್ಲಿ ಒಂದು ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿ.

ನಮ್ಮಲ್ಲಿ ಇದಕ್ಕೆ ತದ್ವಿರುದ್ಧವಾದ ನಂಬಿಕೆಯೂ ಇದೆ. ಗೂಡಿನಿಂದ ಬಿದ್ದ ಮರಿಯನ್ನು ಮುಟ್ಟಿದರೆ ಮನುಷ್ಯರ ವಾಸನೆಗೆ ತಾಯಿ ಅದನ್ನು ಬಿಟ್ಟುಬಿಡುತ್ತದಂತೆ. ಅದೂ ಸುಳ್ಳು. ಬಿದ್ದ ಮರಿಯನ್ನು ಧೈರ್ಯವಾಗಿ ಎತ್ತಿ ಗೂಡಿಗೆ ಸೇರಿಸಬಹುದು.

ಈಗ ಕಡಲಿಗೆ ಬರೋಣ. ಆಲ್ಬಟ್ರಾಸ್, ಪೆಟ್ರೆಲ್, ಶಿಯರ್‌ವಾಟರ್ ಎಂಬ ಕಡಲಹಕ್ಕಿಗಳ ಮೂಗು ಕೊಕ್ಕಿನ ಮೇಲೆ ಕೊಳವೆಯಾಗಿ ಎದ್ದು ಕಾಣುತ್ತದೆ. ಗುರುತೇ ಇಲ್ಲದ ನೀಲಿ ಬಯಲಿನಲ್ಲಿ ಇವು ಸೀಗಡಿಯಂಥ ಪುಟ್ಟ ಜೀವಿಗಳ ಹಿಂಡನ್ನು ಹೇಗೆ ಹುಡುಕುತ್ತವೆ? ಅಮೆರಿಕದ ಜೀವವಿಜ್ಞಾನಿ ಗೇಬ್ರಿಯೆಲ್ ನೆವಿಟ್ ಈ ಪ್ರಶ್ನೆ ಹಿಡಿದು ಅಂಟಾರ್ಕ್ಟಿಕ್ ಕಡಲಿಗೆ ಹೋದವರು. ಹಡಗಿನ ಓಲಾಟಕ್ಕೆ ಬಿದ್ದು ಪೆಟ್ಟಾಗಿ ಮಲಗಿದ್ದಾಗ, ಡೈಮೀಥೈಲ್ ಸಲ್ಫೈಡ್ ಎಂಬ ಅನಿಲವನ್ನು ಅಳೆಯುತ್ತಿದ್ದ ವಾತಾವರಣ ವಿಜ್ಞಾನಿಯೊಬ್ಬರ ಪರಿಚಯವಾಯಿತು. ಮೋಡಗಳ ಅಧ್ಯಯನಕ್ಕಾಗಿ ಅವರು ತಯಾರಿಸಿದ ನಕ್ಷೆಯಲ್ಲಿ ಅನಿಲ ಕೆಲವು ಕಡೆ ದಟ್ಟ, ಕೆಲವು ಕಡೆ ತೆಳು. ನೆವಿಟ್ ಕಣ್ಣಿಗೆ ಅದು ಹಕ್ಕಿಗಳ ಊಟದ ನಕ್ಷೆಯಾಗಿ ಕಂಡಿತು.

ಈ ಅನಿಲ ಹುಟ್ಟುವ ರೀತಿಯೇ ನನಗೆ ಅತ್ಯಂತ ಇಷ್ಟವಾದ ಭಾಗ. ಕಡಲಿನ ಸೂಕ್ಷ್ಮ ಪಾಚಿಗಳು ತಮ್ಮ ಜೀವಕೋಶದೊಳಗೆ ಗಂಧಕದ ಒಂದು ಸಂಯುಕ್ತವನ್ನು ಇಟ್ಟುಕೊಂಡಿರುತ್ತವೆ. ಪಾಚಿ ಆರೋಗ್ಯವಾಗಿ ತೇಲುತ್ತಿರುವಾಗ ಹೊರಗೆ ಬರುವುದು ಅತಿ ಕಡಿಮೆ. ಸೀಗಡಿಯಂಥ ಜೀವಿ ಬಂದು ಪಾಚಿಯನ್ನು ಮೇಯತೊಡಗಿದರೆ ಕೋಶ ಒಡೆಯುತ್ತದೆ, ಕಿಣ್ವ ಆ ಸಂಯುಕ್ತವನ್ನು ಸೀಳುತ್ತದೆ, ಡೈಮೀಥೈಲ್ ಸಲ್ಫೈಡ್ ಗಾಳಿಗೆ ಏರುತ್ತದೆ. ಒಗ್ಗರಣೆಯ ಘಮ ಬಂತೆಂದರೆ ಆ ಮನೆಯಲ್ಲಿ ಒಲೆ ಹೊತ್ತಿದೆ ಎಂದು ತಿಳಿಯುತ್ತದಲ್ಲ, ಹಾಗೆಯೇ ಈ ವಾಸನೆ ಬಂತೆಂದರೆ ಅಲ್ಲಿ ಪಾಚಿ ಮೇಯುವವರು ಸೇರಿದ್ದಾರೆ ಎಂದು ಹಕ್ಕಿಗೆ ಗೊತ್ತಾಗುತ್ತದೆ. ಅದಕ್ಕೆ ಬೇಕಾದ್ದು ಆ ಮೇಯುವವರೇ. ಎಣ್ಣೆಗೆ ಈ ವಾಸನೆ ಬೆರೆಸಿ ಕಡಲ ಮೇಲೆ ಸುರಿದಾಗ ಹಕ್ಕಿಗಳು ಹುಡುಕಿಕೊಂಡು ಬಂದವು. ನೆವಿಟ್ ತಂಡ ಇದನ್ನು 1995ರಲ್ಲಿ ಪ್ರಕಟಿಸಿತು.

ಪ್ಲಾಸ್ಟಿಕ್ ಈ ಕಥೆಯೊಳಗೆ ಬಂದಿದ್ದು 2016ರಲ್ಲಿ. ಮ್ಯಾಥ್ಯೂ ಸವೋಕಾ ಮತ್ತು ನೆವಿಟ್ ತಂಡ ಹೊಸ ಪ್ಲಾಸ್ಟಿಕ್ ಮಣಿಗಳನ್ನು ಜಾಲರಿ ಚೀಲಗಳಲ್ಲಿಟ್ಟು ಕ್ಯಾಲಿಫೋರ್ನಿಯಾದ ಕಡಲಿಗೆ ಇಳಿಬಿಟ್ಟಿತು. ಹೊಸ ಮಣಿಗಳಲ್ಲಿ ಈ ವಾಸನೆ ಇರಲಿಲ್ಲ. ಒಂದು ತಿಂಗಳೊಳಗೆ ಮೇಲೆತ್ತಿ ನೋಡಿದರೆ ಪಾಚಿ ಹಿಡಿದು, ಹಕ್ಕಿಯ ಮೂಗಿಗೆ ತಿಳಿಯುವಷ್ಟು ಡೈಮೀಥೈಲ್ ಸಲ್ಫೈಡ್ ಬಿಡುತ್ತಿದ್ದವು. ಬಳಿಕ 13,000ಕ್ಕೂ ಹೆಚ್ಚು ಕಡಲಹಕ್ಕಿಗಳ ಹಳೆಯ ದಾಖಲೆಗಳನ್ನು ಜೋಡಿಸಿ ನೋಡಿದಾಗ, ಈ ವಾಸನೆ ಹಿಡಿದು ಆಹಾರ ಹುಡುಕುವ ಜಾತಿಗಳು ಉಳಿದವಕ್ಕಿಂತ ಸುಮಾರು ಆರು ಪಟ್ಟು ಹೆಚ್ಚು ಸಲ ಪ್ಲಾಸ್ಟಿಕ್ ನುಂಗಿದ್ದವು. ಹಕ್ಕಿ ದಡ್ಡತನ ಮಾಡಲಿಲ್ಲ. ಲಕ್ಷಾಂತರ ವರ್ಷ ಸುಳ್ಳು ಹೇಳದ ಸುಳಿವನ್ನೇ ಅದು ನಂಬಿತು.

ಇದು ಎಲ್ಲೋ ದೂರದ ಕಡಲಿನ ಸಂಗತಿ ಎನಿಸಬಹುದು. ಆದರೆ ಅಂಟಾರ್ಕ್ಟಿಕದ ತೀರದಲ್ಲಿ ಮರಿ ಮಾಡುವ, ಅಂಗೈಯಗಲದ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಮಳೆಗಾಲದ ಆಸುಪಾಸಿನಲ್ಲಿ ನಮ್ಮ ಅರಬ್ಬಿ ಕಡಲಿಗೂ ಬರುತ್ತದೆ. ಕಾಲು ಇಳಿಬಿಟ್ಟು ನೀರಿನ ಮೇಲೆ ನಡೆದಂತೆ ಹಾರುವ ಈ ಹಕ್ಕಿಯೂ ಕೊಳವೆಮೂಗಿನದೇ. ದಂಡೆಯಲ್ಲಿ ಬಿದ್ದ ಚಿಪ್ಸ್ ಪ್ಯಾಕೆಟ್ಟಿಗೆ ಇವತ್ತು ಪಾಚಿಯ ವಾಸನೆ ಇಲ್ಲ. ಉಬ್ಬರ ಅದನ್ನು ಒಯ್ದ ಮೇಲೆ ಕೆಲವು ವಾರಗಳಲ್ಲಿ ಬರುತ್ತದೆ. ಹಾಗಾಗಿ ಹೆಕ್ಕಬೇಕಾದ ಹೊತ್ತು ಉಬ್ಬರಕ್ಕೆ ಮುಂಚೆ, ಅದರಲ್ಲೂ ಅಮಾವಾಸ್ಯೆ ಹುಣ್ಣಿಮೆಗಳ ಮುಂಚೆ. ಆ ದಿನಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬಂದು ನೀರು ಬಹಳ ಮೇಲೆ ಏರುತ್ತದೆ. ಮೇಲಿನ ಒಣ ಮರಳಿನಲ್ಲಿ ಬಿದ್ದುಕೊಂಡಿದ್ದ ಕಸವೂ ಕಡಲಿಗೆ ಹೋಗುತ್ತದೆ.

ಸಮುದ್ರಸ್ನಾನಕ್ಕೆ ಜನ ಸೇರುವುದೂ ಅಮಾವಾಸ್ಯೆಗೇ. ಪೂಜೆಯ ಹೂವು, ಬೂದಿ, ಹಳೆಯ ದೇವರಪಟಗಳನ್ನು ಪ್ಲಾಸ್ಟಿಕ್ ಕವರಿನ ಸಮೇತ ನೀರಿಗೆ ಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕಡಲು ಎಲ್ಲವನ್ನೂ ಶುದ್ಧ ಮಾಡುತ್ತದೆ ಎಂದು ಅವರು ಮನಸಾರೆ ನಂಬಿದ್ದಾರೆ. ಹೂವು ನೀರಿನಲ್ಲಿ ಕರಗೀತು, ಕವರು ಮಾತ್ರ ಪಾಚಿ ಹಿಡಿಯಲು ಹೊರಟಿತು. ‘ಅಮ್ಮಾ, ಹೂವು ಬಿಡಿ, ಕವರು ಇತ್ತ ಕೊಡಿ’ ಎಂದು ಕೇಳಿದರೆ ಬಹುತೇಕರು ಕೊಡುತ್ತಾರೆ.

ಫೋಟೋ ತೆಗೆಯುವವರಿಗೂ ಒಂದು ಮಾತು. ಹೊಟ್ಟೆಯ ಮೇಲೆ ಮಲಗಿ, ದೊಡ್ಡ ಲೆನ್ಸಿನಲ್ಲಿ ಅಗಲ ಅಪರ್ಚರ್ ಇಟ್ಟರೆ ಹಕ್ಕಿಯ ಹಿಂದೆ ಮುಂದೆ ಇರುವ ಬಾಟಲಿ, ಬಲೆ, ಚಪ್ಪಲಿಗಳೆಲ್ಲ ಮಸುಕಾದ ಬಣ್ಣವಾಗಿ ಕರಗುತ್ತವೆ. ಚಳಿಗಾಲದಲ್ಲಿ ಲಡಾಖ್, ಟಿಬೆಟ್ ಕಡೆಯಿಂದ ಬರುವ ಕಂದು ತಲೆಯ ಕಡಲಕ್ಕಿಗಳು (ಗಲ್‌ಗಳು) ಕೈರಂಪಣಿ ಎಂಬ ಬಲೆಯನ್ನು ಮೀನುಗಾರರು ದಡಕ್ಕೆ ಎಳೆಯುವ ಹೊತ್ತಿಗೆ ಮುತ್ತುವ ದೃಶ್ಯವನ್ನು ಹೀಗೆ ತೆಗೆದರೆ ದಂಡೆ ಶುಚಿಯಾಗಿದೆ ಎಂದೇ ಅನಿಸುತ್ತದೆ. ಅದರ ಜೊತೆಗೆ ಕಸವೂ ಸ್ಪಷ್ಟವಾಗಿ ಕಾಣುವ ಇನ್ನೊಂದು ಚಿತ್ರ ಬೇಕು, ದಿನಾಂಕ ಮತ್ತು ಜಾಗದ ಹೆಸರಿನ ಸಮೇತ. ಕಾಲಿಗೆ ತಂಗೂಸಿ (ಮೀನು ಹಿಡಿಯುವ ನೈಲಾನ್ ದಾರ) ಸುತ್ತಿಕೊಂಡ ಹಕ್ಕಿ ಕಂಡರೆ ಅದರ ಚಿತ್ರವಂತೂ ಬೇಕೇ ಬೇಕು. ಈ ಕಡಲಕ್ಕಿಗಳು ಕೊಳವೆಮೂಗಿನವಲ್ಲ. ಇವನ್ನು ಹಿಡಿಯುವುದು ಆ ವಾಸನೆಯಲ್ಲ, ದಾರ.

ಹೆಕ್ಕುವಾಗ ಉಬ್ಬರದ ಗೆರೆಯಲ್ಲಿ ಸಾಲಾಗಿ ಬಿದ್ದ ಪಾಚಿ, ಕಾಂಡ್ಲಾ (ಮ್ಯಾಂಗ್ರೋವ್) ಎಲೆ, ಕಡ್ಡಿಗಳನ್ನು ಮುಟ್ಟಬಾರದು. ಅದರಡಿಯ ಹುಳುಹುಪ್ಪಟೆಗಳನ್ನು ತಿಂದೇ ಪ್ಲೋವರ್ ಎಂಬ ಪುಟ್ಟ ವಲಸೆ ಹಕ್ಕಿಗಳು ಮರುಪ್ರಯಾಣಕ್ಕೆ ಬೇಕಾದ ಕೊಬ್ಬು ಕೂಡಿಸಿಕೊಳ್ಳುವುದು. ಯಂತ್ರದಿಂದ ಬಾಚಿಸಿದರೆ ಅದೂ ಹೋಗುತ್ತದೆ. ಆದ್ದರಿಂದ ಕೈಯಲ್ಲೇ ಹೆಕ್ಕಿ, ತಂಗೂಸಿಯನ್ನು ಬಿಡಿಸಿ ತೆಗೆದು, ಪಾಚಿಯನ್ನು ಅಲ್ಲೇ ಕೊಡವಿ ಬಿಡುತ್ತೇನೆ.