ರೆಕಾರ್ಡಿಂಗಿಗೆ ಐದು ವಾಟ್ ಆಂಪ್ ಸಾಕು

ಡೊಂಬಿವಲಿ, ಠಾಣೆಯ ನಮ್ಮ ಕನ್ನಡದ ಹುಡುಗರು ಫ್ಲ್ಯಾಟಿನ ಒಂದು ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡು, ಭಾವಗೀತೆಗೆ ಎಲೆಕ್ಟ್ರಿಕ್ ಗಿಟಾರ್ ಸೇರಿಸಿ ರೆಕಾರ್ಡ್ ಮಾಡುತ್ತಾರೆ. ಗಿಟಾರಿನ ದನಿ ಹಿಗ್ಗಿಸುವ ಆಂಪ್ (ಆಂಪ್ಲಿಫೈಯರ್) ಕೊಳ್ಳಲು ಮುಂಬಯಿಯ ಧೋಬಿ ತಲಾವ್‌ನ ವಾದ್ಯದಂಗಡಿಗೆ ಹೋದರೆ ಮೊದಲು ಕೇಳುವುದು ‘ಎಷ್ಟು ವಾಟ್?’ ಎಂದು. ವೇದಿಕೆಗಾದರೆ ಆ ಪ್ರಶ್ನೆ ಸರಿ. ರೆಕಾರ್ಡಿಂಗಿಗೆ ಅದು ದಾರಿ ತಪ್ಪಿಸುತ್ತದೆ.

ಶಕ್ತಿ ಹತ್ತು ಪಟ್ಟಾದರೆ ಶಬ್ದ 10 ಡೆಸಿಬೆಲ್ ಏರುತ್ತದೆ. ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರು ಅನಿಸುತ್ತದೆ, ಅಷ್ಟೆ. ಎಂದರೆ 50 ವಾಟಿನ ಆಂಪ್ 5 ವಾಟಿನದಕ್ಕಿಂತ ಎರಡು ಪಟ್ಟು ಮಾತ್ರ ಜೋರು. ಗಿಟಾರಿಗೆಂದೇ ಮಾಡಿದ ಒಳ್ಳೆಯ ಸ್ಪೀಕರಿಗೆ ಬರೀ 1 ವಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬೆಲ್ ಬರುತ್ತದೆ. 5 ವಾಟಿಗೆ ಇನ್ನೂ 7 ಸೇರಿಸಿಕೊಳ್ಳಿ. ವಸತಿ ಪ್ರದೇಶಕ್ಕೆ ರಾತ್ರಿ ಹತ್ತರ ಮೇಲೆ ನಿಯಮ ಇಟ್ಟಿರುವ ಮಿತಿ 45 ಡೆಸಿಬೆಲ್.

ವಾಲ್ಯೂಮ್ ತಗ್ಗಿಸಿದರಾಯಿತಲ್ಲ ಎನ್ನಬಹುದು. ಆದರೆ ಟ್ಯೂಬ್ ಆಂಪಿನ ನಾದಕ್ಕೆ ಜೀವ ಬರುವುದೇ ಅದನ್ನು ಮಿತಿಯವರೆಗೆ ದುಡಿಸಿದಾಗ. ಹಳೆಯ ವಾಲ್ವ್ ರೇಡಿಯೊಗಳಲ್ಲಿದ್ದಂಥ ಗಾಜಿನ ವಾಲ್ವ್‌ಗಳೇ ಇದರಲ್ಲೂ ಇರುವುದು. ತಾಳಲಾರದಷ್ಟು ಸಂಕೇತ ಬಂದಾಗ ತರಂಗದ ತುದಿಗಳು ಮೆಲ್ಲಗೆ ಮೊಂಡಾಗುತ್ತವೆ, ಹೊಸ ಉಪಸ್ವರಗಳು ಹುಟ್ಟುತ್ತವೆ. ಗಿಟಾರಿನ ಐದನೇ ತಂತಿ 110 ಹರ್ಟ್ಸ್. ಅದನ್ನು ಷಡ್ಜವೆಂದುಕೊಂಡರೆ 220 ಮೇಲಿನ ಷಡ್ಜ, 330 ಅದರ ಪಂಚಮ, 550 ಇನ್ನೂ ಮೇಲಿನ ಅಂತರ ಗಾಂಧಾರ. ತರಂಗದ ಎರಡೂ ಬದಿ ಒಂದೇ ತೆರ ಮೊಂಡಾದರೆ ಪಂಚಮ, ಗಾಂಧಾರಗಳು ಮುಂದೆ ಬರುತ್ತವೆ. ಒಂದೇ ಪವರ್ ವಾಲ್ವ್ ಇರುವ ಪುಟ್ಟ ಆಂಪ್‌ಗಳಲ್ಲಿ ಎರಡು ಬದಿ ಬೇರೆ ಬೇರೆ ತೆರ ಮೊಂಡಾಗುವುದರಿಂದ ಮೇಲಿನ ಷಡ್ಜವೂ ಕೂಡಿಕೊಳ್ಳುತ್ತದೆ. ಶ್ರುತಿ ಸೇರಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರವನ್ನು ಕೇಳಿ ಬಲ್ಲ ಕಿವಿ ಈ ತುಂಬುತನವನ್ನು ಥಟ್ಟನೆ ಗುರುತಿಸುತ್ತದೆ.

ಸುಮಾರು 5 ವಾಟಿನ ಫೆಂಡರ್ ಚಾಂಪ್ ಇಂಥ ಒಂದೇ ಪವರ್ ವಾಲ್ವಿನ ಆಂಪ್. 50 ವಾಟಿನದು ಕಟ್ಟಡವನ್ನೇ ನಡುಗಿಸಿ ಮುಟ್ಟುವ ಹಂತವನ್ನು ಅದು ಬೇಗ ಮುಟ್ಟುತ್ತದೆ. ಅದೂ ಜೋರಾದರೆ ಆಂಪ್ ಮತ್ತು ಸ್ಪೀಕರ್ ನಡುವೆ ಶಕ್ತಿ ತಗ್ಗಿಸುವ ಅಟೆನ್ಯುಯೇಟರ್ ಹಾಕಿ; ಹೆಚ್ಚಿನ ಶಕ್ತಿ ಶಾಖವಾಗಿ ಹೋಗುತ್ತದೆ. ಸ್ಪೀಕರ್ ಅಥವಾ ಅದರ ಬದಲಿಗೆ ಶಕ್ತಿ ಹೀರುವ ಸರಿಯಾದ ಲೋಡ್ ಇಲ್ಲದೆ ಮಾತ್ರ ಟ್ಯೂಬ್ ಆಂಪ್ ನುಡಿಸಲೇಬಾರದು; ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಸ್ಪೀಕರ್ ಕೂಡ ವಾದ್ಯದ ಭಾಗವೇ. ಹನ್ನೆರಡು ಇಂಚಿನ ಗಿಟಾರ್ ಸ್ಪೀಕರ್ ಸುಮಾರು 5000 ಹರ್ಟ್ಸ್ ದಾಟಿದ ಮೇಲೆ ದನಿಯನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ, ಕರ್ಕಶತೆ ಸೋಸಿಹೋಗುತ್ತದೆ. ಸ್ಪೀಕರಿನ ಕಾಗದದ ಕೋನಿನ (ಶಂಕುವಿನ) ನಡುವಿಗೆ ಮೈಕ್ ಹಿಡಿದರೆ ದನಿ ಚೂಪು, ಅಂಚಿಗೆ ಸರಿಸಿದಂತೆ ಮೃದು. ಇನ್ನೊಂದು ಆಂಪಿಗೆ ದುಡ್ಡು ಸುರಿಯುವ ಮೊದಲು ಮೈಕನ್ನು ಎರಡು ಬೆರಳಷ್ಟು ಸರಿಸಿ ಕೇಳಿ.

ಅಮೆರಿಕದ ನೆಂಟರು ಆಂಪ್ ತಂದುಕೊಟ್ಟರೆ ಹಿಂಬದಿ ಓದಿ. ಬರೀ 120 ವೋಲ್ಟ್ ಎಂದಿದ್ದರೆ ನಮ್ಮ 230ಕ್ಕೆ ನೇರ ಸಿಕ್ಕಿಸಬೇಡಿ. ಲ್ಯಾಮಿಂಗ್ಟನ್ ರೋಡಿನಲ್ಲಿ ವೋಲ್ಟೇಜ್ ತಗ್ಗಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೇಳುವಾಗ 5 ವಾಟ್ ಎನ್ನದೆ ಹಿಂಬದಿಯಲ್ಲಿ ಬರೆದ ವಿದ್ಯುತ್ ಬಳಕೆಯನ್ನೇ ಹೇಳಿ. ವಾಲ್ವ್ ಕಾಯಿಸುವುದಕ್ಕೂ ಕರೆಂಟ್ ಬೇಕಾದ್ದರಿಂದ ಅದು 5ಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ.